ಉತ್ತರಿಸದ ಮನೆಗಳು

ವಸ್ತ್ರಾಪುರ, ಅಹಮದಾಬಾದ್
ನವೆಂಬರ್ 16, 2023

ಪ್ರೀತಿಯ ರಾಜ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ ಎಂದುಕೊಂಡೇ ಈ ಕಾಗದ ಶುರುಮಾಡುತ್ತಿದ್ದೇನೆ. ಬೇರೆ ಏನಾದರೂ ಅಂದುಕೊಂಡರೆ ಕೈ ಓಡುವುದಿಲ್ಲ. ಕನ್ನಡವನ್ನು ಪೆನ್ನಿನಲ್ಲಿ ಬರೆದು ವರ್ಷಗಳೇ ಆಗಿವೆ. ನಿನ್ನ ಪೂರ್ತಿ ಹೆಸರು ಬರೆಯುವಾಗ ಷ್ಣ ಎಂಬ ಒತ್ತಕ್ಷರದ ಹತ್ತಿರ ನಿಂತುಬಿಟ್ಟೆ. ಆಮೇಲೆ ಅದನ್ನು ಬಿಟ್ಟು, ಯಾವಾಗಲೂ ಕರೆಯುವ ಹಾಗೆ ರಾಜ ಎಂದು ಬರೆದೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೊದಮೊದಲು ಸ್ವಲ್ಪ ಹೊತ್ತಿನ ಮೇಲೆ ಒಂದು ಮೆಸೇಜು ಬರುತ್ತಿತ್ತು, ಪ್ಲಾಂಟಿನೊಳಗಿದ್ದೆ, ಕೇಳಿಸಲಿಲ್ಲ ಎಂದು. ಆಮೇಲಾಮೇಲೆ ಬರೀ ಹೆಬ್ಬೆರಳಿನ ಗುರುತು. ಗಣೇಶನ ಹಬ್ಬ ಕಳೆದ ಮೇಲೆ ಅದೂ ಇಲ್ಲ. ಜಗಳ ತೆಗೆಯಲು ಹೇಳುತ್ತಿಲ್ಲ. ಕಾಗದವಾದರೆ ನಿನಗೆ ಮನಸ್ಸು ಬಂದಾಗ ಓದಬಹುದು, ಬೇಡವೆನಿಸಿದರೆ ಮಡಚಿ ಇಡಬಹುದು. ಈ ಕಡೆ ಒಬ್ಬಳು ಕಾಯುತ್ತಿದ್ದಾಳೆ ಎಂಬುದು ರಿಂಗಾಗಿ ನಿನ್ನ ಕಿವಿಗೆ ಬೀಳುವುದಿಲ್ಲ.

ಇಲ್ಲಿ ದೀಪಾವಳಿ ಮುಗಿದರೂ ಊರು ಇನ್ನೂ ಎದ್ದಿಲ್ಲ. ಲಾಭ ಪಂಚಮಿ ಆಗುವ ತನಕ ಅಂಗಡಿ ತೆಗೆಯುವುದಿಲ್ಲವಲ್ಲ. ನನ್ನ ಜೊತೆ ಮನೆ ಹಂಚಿಕೊಂಡಿರುವ ಧನುಶ್ರೀ ಹುಬ್ಬಳ್ಳಿಗೆ ಹೋಗಿದ್ದಾಳೆ. ಮೇಲಿನವರಿಲ್ಲ, ಕೆಳಗಿನವರಿಲ್ಲ. ನಲ್ಲಿ ತಿರುಗಿಸಿದರೆ ಇಡೀ ಕಟ್ಟಡಕ್ಕೆ ಕೇಳಿಸುತ್ತದೆಯೇನೋ ಅನ್ನಿಸುವಷ್ಟು ಮೌನ. ಮೊನ್ನೆ ಇಲ್ಲಿನವರ ಹೊಸ ವರ್ಷದ ಬೆಳಿಗ್ಗೆ ಕೆರೆಯ ಕಡೆ ನಡೆದು ಬರೋಣ ಎಂದು ಇಳಿದೆ. ಗೇಟಿನ ವಾಚ್‌ಮನ್ ಎದ್ದು ನಿಂತು ‘ಸಾಲ್ ಮುಬಾರಕ್, ಬೆನ್’ ಎಂದು ಕೈಗೆ ಒಂದಿಷ್ಟು ಹಬ್ಬದ ಮಠಿಯಾ ಹಪ್ಪಳ ಕೊಟ್ಟರು. ಕೆರೆಯ ಸುತ್ತ ಎಲ್ಲರೂ ಮನೆಮಂದಿಯ ಜೊತೆ ಬಂದವರೇ. ನಾನು ಒಂದು ಬೆಂಚಿನ ಮೇಲೆ ಕೂತು ಅದನ್ನೇ ತಿಂದೆ. ಅವತ್ತು ನಾನು ಮಾತಾಡಿದ್ದು ಆ ವಾಚ್‌ಮನ್ ಒಬ್ಬರ ಜೊತೆಗೆ.

ನಿನಗೆ ಒಂದು ಸುದ್ದಿ ಹೇಳಬೇಕು. ಸುದ್ದಿಗಿಂತ ಮೊದಲು ನಡೆದದ್ದನ್ನು ಹೇಳಬೇಕು, ಇಲ್ಲದಿದ್ದರೆ ನಾನು ಬುದ್ಧಿಗೇಡಿ ಕೆಲಸ ಮಾಡಿಕೊಂಡೆ ಎಂದುಕೊಳ್ಳುತ್ತೀಯ. ಪೂರ್ತಿ ಓದಿದ ಮೇಲೂ ಹಾಗೆ ಅಂದುಕೊಂಡರೆ ಅಂದುಕೋ.

ನಮ್ಮ ಟ್ರಸ್ಟಿನ ಕೆಲಸ ನಿನಗೆ ಅಷ್ಟಿಷ್ಟು ಗೊತ್ತು. ವಡೋದರಾದ ಮನೆಯಿಂದ ನಾನು ಇಲ್ಲಿಗೆ ಬಂದದ್ದೇ ಅದಕ್ಕೆ. ಲಾಕ್‌ಡೌನ್ ಎಲ್ಲ ಮುಗಿದ ಮೇಲೆ ಮುಂಬಯಿಯ ಒಂದು ಫೌಂಡೇಷನ್ ಅರ್ಜಿ ಕರೆದಿತ್ತು. ಆರ್ಥಿಕ ಚೇತರಿಕೆಯಲ್ಲಿ ಯಾರೂ ಹೊರಗುಳಿಯದಂತೆ ನೋಡಿಕೊಳ್ಳುವ ಡೇಟಾ ಸೈನ್ಸ್ ಯೋಜನೆಗಳಿಗೆ ಅನುದಾನ ಎಂದು. ನಾವು ಸೂರತ್‌ನ ಪಾಂಡೇಸರಾವನ್ನು ಆರಿಸಿಕೊಂಡೆವು. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ, ಅಚ್ಚು ಹಾಕುವ ಮಿಲ್ಲುಗಳು ಸಾಲುಸಾಲಾಗಿವೆ. ಮಿಲ್ಲುಗಳು ಮತ್ತೆ ಶುರುವಾದವು, ಅದು ಎಲ್ಲರಿಗೂ ಕಂಡಿತು. ಆದರೆ ಮಿಲ್ಲಿನ ಸುತ್ತ ಬದುಕುವವರು, ಸೀರೆಗೆ ಕಲ್ಲು ಅಂಟಿಸುವ ಹೆಂಗಸರು, ಊಟದ ಡಬ್ಬಿ ಕೊಡುವವರು, ಚಹಾದವರು, ಅವರು ಎದ್ದು ನಿಂತರೇ? ಅದನ್ನು ಫೋನ್ ಮಾಡಿ ಕೇಳುವುದು, ಬಂದ ಉತ್ತರಗಳಿಂದ ಕಂಪ್ಯೂಟರಿಗೆ ಕಲಿಸುವುದು, ಯಾವ ಓಣಿಗೆ ಇನ್ನೂ ನೆರವು ಬೇಕು ಎಂದು ನಕ್ಷೆ ಮಾಡುವುದು. ನಕ್ಷೆಯಲ್ಲಿ ಕೆಂಪಾದ ಕಡೆಗೆ ಹೊಲಿಗೆ ಯಂತ್ರ, ದೊಡ್ಡ ಒಲೆ, ಸರಕು ಕೊಳ್ಳಲು ಮುಂಗಡ ಹೋಗುತ್ತದೆ. ಹಸಿರಾದ ಕಡೆಗೆ ಹೋಗುವುದಿಲ್ಲ.

ಕೋಡ್ ಬರೆಯುವುದು ನಾನು ಮತ್ತು ಮಂಥನ್. ನೀನು ಅವನನ್ನು ನೋಡಿಲ್ಲ. ನಡಿಯಾದ್ ಹುಡುಗ, ನಮ್ಮೆಲ್ಲರಿಗಿಂತ ಚುರುಕು, ಮಾತಿಗೊಮ್ಮೆ ತಮಾಷೆ. ಸೂರತ್‌ನಲ್ಲಿ ಓಡಾಡುವವಳು ಮಹಿಮಾ. ನಮ್ಮ ಮೇಲಿನವರು ಪ್ರವೀಣ್‌ಭಾಯಿ, ಟ್ರಸ್ಟನ್ನು ಕಟ್ಟಿದವರು. ಇಷ್ಟೇ ಜನ. ಮೊದಲ ಹಂತದ ಹಣ ಸಣ್ಣದು. ಅದರಲ್ಲಿ ನಮ್ಮ ನಕ್ಷೆ ಸರಿ ಎಂದು ತೋರಿಸಿಕೊಟ್ಟರೆ ಎರಡನೇ ಹಂತದಲ್ಲಿ ದೊಡ್ಡ ಅನುದಾನ. ಅಂಕಲೇಶ್ವರ, ವಾಪಿ, ಆ ಸಾಲಿನ ಎಲ್ಲ ಊರುಗಳಿಗೂ ಅದೇ ಕೆಲಸ. ನಮ್ಮೆಲ್ಲರ ಸಂಬಳವೂ ಅದರ ಮೇಲೆಯೇ ನಿಂತಿತ್ತು.

ನಕ್ಷೆ ಬಹಳ ಚೆನ್ನಾಗಿ ಬಂತು, ರಾಜ. ಪಾಂಡೇಸರಾ ಹಸಿರಾಗಿತ್ತು. ಫೋನಿನಲ್ಲಿ ಉತ್ತರ ಕೊಟ್ಟವರಲ್ಲಿ ಬಹುಪಾಲು ಜನ ಕೆಲಸ ಸಿಕ್ಕಿದೆ ಎಂದಿದ್ದರು. ಮೂರು ಸಲ ಫೋನ್ ಮಾಡಿದರೂ ಎತ್ತದ ಮನೆಯವರನ್ನು ಊರು ಬಿಟ್ಟವರು ಎಂದು ಲೆಕ್ಕದಿಂದ ತೆಗೆದಿದ್ದೆವು. ಲಾಕ್‌ಡೌನಿನಲ್ಲಿ ಲಕ್ಷಗಟ್ಟಲೆ ಜನ ಸೂರತ್ ಬಿಟ್ಟು ಹೋದದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೆವಲ್ಲ. ಹಾಗಾಗಿ ಆ ನಿಯಮ ಯಾರಿಗೂ ವಿಚಿತ್ರವೆನಿಸಲಿಲ್ಲ. ಫೌಂಡೇಷನ್ನಿನವರೂ ಒಪ್ಪಿದ್ದರು.

ಜುಲೈಯಲ್ಲಿ ನಾನು ಸೂರತ್‌ಗೆ ಹೋದೆ. ಎರಡನೇ ಹಂತದ ಅರ್ಜಿಗೆ ಒಂದಷ್ಟು ಫೋಟೋ ಬೇಕಿದ್ದವು, ಚೇತರಿಸಿಕೊಂಡ ಓಣಿ ಹೇಗಿರುತ್ತದೆ ಎಂದು ತೋರಿಸಲು. ಮಹಿಮಾ ನನ್ನನ್ನು ಒಂದು ಗಲ್ಲಿಗೆ ಕರೆದುಕೊಂಡು ಹೋದಳು. ಒಂದೊಂದೇ ಕೋಣೆಯ ಮನೆಗಳು, ಮೇಲೊಂದು ಸಾಲು, ಕೆಳಗೊಂದು ಸಾಲು. ಮಳೆ ನಿಂತು ಗಾಳಿಯಲ್ಲಿ ಬಣ್ಣದ ಕೆಮಿಕಲ್ಲಿನ ವಾಸನೆ. ನಾನು ಫೋನು ಎತ್ತಿ ಚೌಕಟ್ಟು ನೋಡಿಕೊಳ್ಳುತ್ತಿದ್ದೆ. ಆಗ ಒಂದು ಬಾಗಿಲೊಳಗಿಂದ ಯಾರೋ ಕನ್ನಡದಲ್ಲಿ ಬೈಯುವುದು ಕೇಳಿಸಿತು.

“ಹತ್ತು ಅಂದ್ರೆ ಹತ್ತುದಿಲ್ಲ ನೀನು! ಬೆಳಿಗ್ಗೆಯಿಂದ ನಂದೇ ಜೀವ ತಿನ್ನು!”

ಬೈಸಿಕೊಳ್ಳುತ್ತಿದ್ದದ್ದು ಒಂದು ಗ್ಯಾಸ್ ಒಲೆ. ಬೈಯುತ್ತಿದ್ದವರು ಐವತ್ತು ದಾಟಿದ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಗೋಡೆಯುದ್ದಕ್ಕೂ ಊಟದ ಡಬ್ಬಿಗಳು. ನಾನು ಹೊಸ್ತಿಲಲ್ಲಿ ನಿಂತು, ನೀವು ಕನ್ನಡದವರಾ ಎಂದೆ. ಅವರು ಲೈಟರನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು.

“ಅಯ್ಯೋ, ಕೇಳಿತಾ ನಿಮಗೆ? ಇಲ್ಲಿ ಯಾರಿಗೂ ಅರ್ಥ ಆಗುದಿಲ್ಲ ಅಂತ ಬಾಯಿಗೆ ಬಂದದ್ದು ಬೈಯುದು ನಾನು. ಬನ್ನಿ, ಒಳಗೆ ಬನ್ನಿ. ಊರು ಯಾವುದು?”

ಹರಿಹರ ಎಂದೆ. ಅವರದು ಕಾರ್ಕಳದ ಹತ್ತಿರ. ಹೆಸರು ಶಕುಂತಲಾ. ಗಂಡ ಸದಾಶಿವ ಮಿಲ್ಲಿನ ಗೇಟಿನ ಎದುರಿಗೆ ಸಣ್ಣ ಹೋಟೆಲು ನಡೆಸುತ್ತಿದ್ದರಂತೆ, ಇಡ್ಲಿ, ದೋಸೆ, ಮಧ್ಯಾಹ್ನ ಊಟ. ಕೊರೋನಾದ ಎರಡನೇ ಅಲೆಯಲ್ಲಿ ತೀರಿಕೊಂಡರು. ಲೈಸೆನ್ಸು, ಬಾಡಿಗೆ ಕರಾರು ಎಲ್ಲ ಅವರ ಹೆಸರಿನಲ್ಲಿ ಇದ್ದದ್ದು. ಹೋಟೆಲು ಕೈ ಬಿಟ್ಟಿತು. ಈಗ ಇವರು ಈ ಕೋಣೆಯಲ್ಲೇ ಅಡುಗೆ ಮಾಡಿ ಮಿಲ್ಲಿನವರಿಗೆ ಡಬ್ಬಿ ಕೊಡುತ್ತಾರೆ. ಪಕ್ಕದ ಕೋಣೆಯ ಕಿರಣ್‌ಬೆನ್, ಜಳಗಾಂವ್ ಕಡೆಯವರು, ಕಲ್ಲು ಅಂಟಿಸುವ ಕೆಲಸ ನಿಂತುಹೋದ ಮೇಲೆ ಇವರಿಗೆ ರೊಟ್ಟಿ ಲಟ್ಟಿಸಿಕೊಡುತ್ತಾರೆ. ಒಲೆ ಹಳೆಯದು, ಅರ್ಧ ದಿನ ಮುನಿಸಿಕೊಂಡಿರುತ್ತದೆ. ಅದು ಮುನಿಸಿಕೊಂಡ ದಿನ ಅರ್ಧ ಡಬ್ಬಿಗಳು ಖಾಲಿಯೇ ಉಳಿಯುತ್ತವೆ.

ಮಹಿಮಾ ಹಿಂದಿನಿಂದ ನನ್ನ ತೋಳು ಮುಟ್ಟಿದಳು. ಅವಳ ಟ್ಯಾಬ್‌ನಲ್ಲಿ ಆ ಕೋಣೆಯ ನಂಬರು ತೆರೆದಿತ್ತು. ಊರು ಬಿಟ್ಟವರು ಎಂದಿತ್ತು.

ನಾನು ಶಕುಂತಲಕ್ಕನಿಗೆ ಅದನ್ನು ಹೇಳಿದೆ. ನಮ್ಮ ಲೆಕ್ಕದಲ್ಲಿ ನೀವು ಇಲ್ಲಿ ಇಲ್ಲ, ಊರಿಗೆ ಹೋಗಿದ್ದೀರಿ ಎಂದು. ಅವರು ನಕ್ಕುಬಿಟ್ಟರು.

“ಎಲ್ಲಿಗೆ ಹೋಗುದು ಮಾರಾಯ್ತಿ? ಅಲ್ಲಿ ಯಾರುಂಟು ನನಗೆ?”

“ಫೋನ್ ಮಾಡಿದ್ವಂತೆ ಅಕ್ಕ. ನೀವು ಎತ್ತಲಿಲ್ಲ.”

ನಗು ನಿಂತಿತು. ಅವರು ಎದ್ದು ದೇವರ ಗೂಡಿನ ಪಕ್ಕದಿಂದ ಒಂದು ಫೋನನ್ನು ತಂದು ನನ್ನ ಮುಂದಿಟ್ಟರು. ಗಂಡನದು. ಅವರ ಡಬ್ಬಿಯ ಗಿರಾಕಿಗಳಿಗೆಲ್ಲ ಕಿರಣ್‌ಬೆನ್ನಿನ ನಂಬರು ಕೊಟ್ಟಿದ್ದಾರೆ. ಇದನ್ನು ಮಾತ್ರ ಚಾರ್ಜ್ ಮಾಡಿ, ತಪ್ಪದೆ ರೀಚಾರ್ಜ್ ಹಾಕಿಸಿ ಇಟ್ಟುಕೊಂಡಿದ್ದಾರೆ.

“ರಿಂಗ್ ಆಗ್ತದೆ. ಎತ್ತಿದ್ರೆ ಆ ಕಡೆಯಿಂದ, ಸದಾಶಿವಭಾಯಿ ಹೈ ಕ್ಯಾ, ಅಂತ ಕೇಳ್ತಾರೆ. ಎಂತ ಹೇಳುದು ನಾನು? ಎಷ್ಟು ಜನಕ್ಕೆ ಇಲ್ಲ ಅಂತ ಹೇಳುದು? ಹೇಳಿದಷ್ಟು ಸಲ ಅವರು ಮತ್ತೆ ಹೋದ ಹಾಗೆ ಆಗ್ತದೆ. ಅದಕ್ಕೆ ಎತ್ತುದಿಲ್ಲ. ಬಂದ್ ಮಾಡ್ಲಿಕ್ಕೂ ಮನಸ್ಸಿಲ್ಲ. ರಿಂಗ್ ಆಗ್ಲಿ ಪಾಪ, ಅವರ ನೆನಪಿರುವವರು ಇದ್ದಾರಲ್ಲ ಅಂತ.”

ನಾನು ಒಲೆಯ ಹತ್ತಿರ ಹೋಗಿ ಲೈಟರು ಒತ್ತಿದೆ. ಹತ್ತಿಕೊಂಡಿತು. ಅವರು ‘ಓ, ನಿಮ್ಮ ಮಾತು ಕೇಳ್ತದಲ್ಲ ಇದು’ ಎಂದು ಮೂಗು ಒರೆಸಿಕೊಂಡು ಅನ್ನಕ್ಕೆ ಇಟ್ಟರು.

ಆ ಮಧ್ಯಾಹ್ನ ನಾನೂ ಮಹಿಮಾಳೂ ಫೋಟೋ ತೆಗೆಯುವುದನ್ನು ಬಿಟ್ಟು, ಊರು ಬಿಟ್ಟವರ ಬಾಗಿಲುಗಳನ್ನು ತಟ್ಟುತ್ತಾ ಹೋದೆವು. ಹೋದವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅನೇಕ ಬಾಗಿಲುಗಳು ತೆರೆದವು. ಒಬ್ಬಳ ಗಂಡ ಫೋನನ್ನೂ ತೆಗೆದುಕೊಂಡು ಬಿಟ್ಟುಹೋಗಿದ್ದ. ಒಬ್ಬಳು ಸಾಲದ ಏಜೆಂಟರಿಗೆ ಹೆದರಿ ಗೊತ್ತಿಲ್ಲದ ನಂಬರು ಎತ್ತುತ್ತಿರಲಿಲ್ಲ. ಒಬ್ಬಳ ಫೋನನ್ನು ಮಾವನೇ ಇಟ್ಟುಕೊಂಡಿದ್ದ. ಯಾರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಗಿತ್ತೋ ಅವರೇ ಫೋನಿಗೆ ಸಿಗದವರು. ಅವರನ್ನು ತೆಗೆದು ಉಳಿದವರನ್ನು ಎಣಿಸಿದರೆ ಓಣಿ ಹಸಿರಾಗದೆ ಇನ್ನೇನಾಗುತ್ತದೆ?

ಸಂಜೆ ಹೊರಡುವ ಮುಂಚೆ ಶಕುಂತಲಕ್ಕನಿಗೆ ಹೇಳಿಹೋಗೋಣ ಎಂದು ಮತ್ತೆ ಹೋದೆ. ಅವರು ಊಟ ಹಾಕಿದರು. ತಿನ್ನುತ್ತಿರುವಾಗ, “ನಿಮ್ಮ ಮನೆಯವರು ಎಂತ ಮಾಡ್ತಾರೆ?” ಎಂದು ಕೇಳಿದರು. ವಡೋದರಾದಲ್ಲಿ ಕೆಮಿಕಲ್ ಕಂಪನಿಯಲ್ಲಿ ಇಂಜಿನಿಯರು ಎಂದೆ. “ಹಾಗಾದ್ರೆ ದಾರಿಯಲ್ಲೇ ಅಲ್ವಾ! ಮುಂದಿನ ಸಲ ಕರ್ಕೊಂಡು ಬನ್ನಿ, ನೀರುದೋಸೆ ಮಾಡ್ತೇನೆ,” ಎಂದರು. ಹೂಂ ಎಂದೆ. ಎಷ್ಟು ಸುಲಭವಾಗಿ ಹೂಂ ಎಂದೆ ಎಂದು ರೈಲಿನಲ್ಲಿ ಕೂತ ಮೇಲೆ ಆಶ್ಚರ್ಯವಾಯಿತು.

ಅಹಮದಾಬಾದಿಗೆ ಬಂದು ಪ್ರವೀಣ್‌ಭಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೇಳಿ ಆದ ಮೇಲೆ, “ಬೆನ್, ಮೊದಲು ಅನುದಾನ ಬರಲಿ. ಆ ಹಣದಲ್ಲೇ ಇದನ್ನು ಸರಿಮಾಡೋಣ. ಈಗ ಹೇಳಿದರೆ ಹಣವೂ ಇಲ್ಲ, ಸರಿಮಾಡುವುದೂ ಇಲ್ಲ,” ಎಂದರು. ಅದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಆ ಹಸಿರು ನಕ್ಷೆಯನ್ನು ಪರದೆಯ ಮೇಲೆ ಹಾಕಿ ಅದರ ಮುಂದೆ ನಿಂತು ಮಾತಾಡುವುದು ನನ್ನಿಂದಾಗುವುದಿಲ್ಲ ಎಂದಷ್ಟೇ ಹೇಳಿದೆ.

ಮಂಥನ್‌ಗೆ ಸಿಟ್ಟು ಬಂತು. ಅವನ ಮದುವೆ ಗೊತ್ತಾಗಿತ್ತು, ಚಾಂದ್‌ಖೇಡಾದಲ್ಲಿ ಫ್ಲ್ಯಾಟು ನೋಡಿದ್ದ.

“ತುಂಗಾಬೆನ್, ಯಾವ ಡೇಟಾ ತಗೊಂಡು ಬೇಕಾದರೂ ಬಾಗಿಲು ತಟ್ಟುತ್ತಾ ಹೋಗಿ. ಎಲ್ಲದರಲ್ಲೂ ಇಂಥದ್ದು ಸಿಗುತ್ತೆ. ಬೇರೆ ಟೀಮಿನವರು ಬಾಗಿಲು ತಟ್ಟಲ್ಲ, ಅಷ್ಟೇ.”

ಹೌದು, ಗೊತ್ತು ಎಂದೆ. ಅವನು ಎದ್ದು ಹೋದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಚಹಾ ಹಿಡಿದುಕೊಂಡು ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡ. ಮಹಿಮಾ ಕಳಿಸಿದ ಹೊಸ ಉತ್ತರಗಳನ್ನು ಸೇರಿಸಿ, ಎತ್ತದ ಮನೆಗಳನ್ನು ತೆಗೆಯದೆ ಉಳಿಸಿಕೊಂಡು, ಇಬ್ಬರೂ ಕೂತು ಎಲ್ಲವನ್ನೂ ಮತ್ತೆ ಓಡಿಸಿದೆವು. ನಕ್ಷೆ ತೆರೆದುಕೊಂಡಾಗ ಹಸಿರೆಲ್ಲ ಹೋಗಿ ಬೂದಿ ಬಣ್ಣವಾಗಿತ್ತು. ಬೂದಿ ಅಂದರೆ ನಮಗೆ ಗೊತ್ತಿಲ್ಲ ಎಂದರ್ಥ. ಮಂಥನ್ ಅದನ್ನು ನೋಡುತ್ತಾ, “ಇದಕ್ಕೆ ಯಾರು ಹಣ ಕೊಡ್ತಾರೆ, ಬೆನ್?” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ವಾಸಿಯಾಗಿತ್ತು.

ಆಗಸ್ಟಿನಲ್ಲಿ ಫೌಂಡೇಷನ್ನಿಂದ ಪ್ರತೀಕ್ಷಾ ಎನ್ನುವವರು ಬಂದರು. ನನಗಿಂತ ಚಿಕ್ಕವರು, ಬಹಳ ಗಮನವಿಟ್ಟು ಕೇಳುವವರು. ನಾನು ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ಪ್ರವೀಣ್‌ಭಾಯಿ ತಡೆಯಲಿಲ್ಲ, ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ಎಲ್ಲ ಮುಗಿದ ಮೇಲೆ ಆಕೆ ಒಂದೇ ಒಂದು ಪ್ರಶ್ನೆ ಕೇಳಿದರು: ನೀವು ಹೇಳದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ, ಯಾಕೆ ಹೇಳಿದಿರಿ? ನಾನು ಮಾದರಿ, ಪಕ್ಷಪಾತ, ವಿಧಾನ ಎಂದು ಏನೇನೋ ಹೇಳಿದೆ. ದೇವರ ಗೂಡಿನ ಪಕ್ಕ ರಿಂಗಾಗುತ್ತಿರುವ ಫೋನನ್ನು ಆ ಎಸಿ ಕೋಣೆಯಲ್ಲಿ ಹೇಗೆ ಹೇಳುವುದು?

ಆಮೇಲೆ ಎರಡು ತಿಂಗಳು ಏನೂ ಇಲ್ಲ. ಆ ಎರಡು ತಿಂಗಳು ಆಫೀಸಿನಲ್ಲಿ ನಾವೆಲ್ಲ ಆಸ್ಪತ್ರೆಯ ಹೊರಗೆ ಕೂತವರ ಹಾಗೆ ಇದ್ದೆವು. ನವರಾತ್ರಿಯ ಹೊತ್ತಿಗೆ ಉತ್ತರ ಬಂತು. ದೊಡ್ಡ ಅನುದಾನ ನಮಗಿಲ್ಲ; ಅದು ಬೇರೆ ರಾಜ್ಯದ ಯಾವುದೋ ತಂಡಕ್ಕೆ ಹೋಗಿದೆ. ನಮಗೆ ಕೊಟ್ಟದ್ದು ಒಂದು ಸಣ್ಣ ಮೊತ್ತ: ಪಾಂಡೇಸರಾದಲ್ಲಿ ಉತ್ತರಿಸದ ಮನೆಗಳಿಗೆ ಒಬ್ಬರು ಕಾಲ್ನಡಿಗೆಯಲ್ಲಿ ಹೋಗಿ, ಕೇಳಿ, ಬರೆದುಕೊಂಡು ಬರುವುದಕ್ಕೆ, ಜೊತೆಗೆ ಅಲ್ಲಿನ ಸಹಾಯಕ್ಕೆ ಮಹಿಮಾಳ ಅರ್ಧ ಸಂಬಳ. ಆ ಮನೆಗಳಿಗೆ ಒಂದಿಷ್ಟು ತುರ್ತು ನೆರವನ್ನೂ ಸೇರಿಸಿದ್ದರು.

ಇದೇ ನಿನಗೆ ಹೇಳಬೇಕಾಗಿದ್ದ ಸುದ್ದಿ. ಆ ಒಬ್ಬರು ನಾನು. ಡಿಸೆಂಬರಿನಲ್ಲಿ ಸೂರತ್‌ಗೆ ಹೋಗುತ್ತಿದ್ದೇನೆ. ಇಲ್ಲಿನ ಡೇಟಾ ವಿಭಾಗವನ್ನು ಪ್ರವೀಣ್‌ಭಾಯಿ ಮುಚ್ಚುತ್ತಿದ್ದಾರೆ. ಮಂಥನ್ ಗಾಂಧಿನಗರದ ಒಂದು ಬ್ಯಾಂಕಿಗೆ ಸೇರಿದ. ಕೊನೆಯ ದಿನ ಎಲ್ಲರಿಗೂ ಖಮಣ್ ತಿಂಡಿ ತಂದು ಹಂಚಿದ, ನನಗೆ ಎರಡು ಹೆಚ್ಚಿಗೆ ಇಟ್ಟ. ಲಿಫ್ಟಿನ ಹತ್ತಿರ, “ಬೆನ್, ಆ ಬೂದಿ ನಕ್ಷೆಯಲ್ಲಿ ನನ್ನ ಹೆಸರು ಇರಲಿ,” ಎಂದ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಈಗ ಆ ಮಹಡಿಯಲ್ಲಿ ನಾನು ಹೋಗಿ ಕೂತರೆ ಎದುರಿಗೆ ಖಾಲಿ ಕುರ್ಚಿಗಳು.

ಒಂದು ಒಳ್ಳೆಯದನ್ನೂ ಹೇಳುತ್ತೇನೆ. ಶಕುಂತಲಕ್ಕನ ಮನೆಯನ್ನು ಹೊಸ ಪಟ್ಟಿಗೆ ಸೇರಿಸುವಾಗ ಯಾರ ಹೆಸರು ಬರೆಯಲಿ ಎಂದು ಕೇಳಿದ್ದೆ. “ಅವರದ್ದೇ ಬರೀರಿ,” ಎಂದರು. ಸ್ವಲ್ಪ ಹೊತ್ತು ಬೆಳ್ಳುಳ್ಳಿ ಸುಲಿದರು. ಆಮೇಲೆ, “ಅಲ್ಲ, ನನ್ನದು ಬರೀರಿ. ನಂಬರು ಮಾತ್ರ ಅದೇ ಇರ್ಲಿ,” ಎಂದರು. ಆ ತುರ್ತು ನೆರವಿನಲ್ಲಿ ಈ ತಿಂಗಳ ಮೊದಲ ವಾರ ದೊಡ್ಡ ಒಲೆ ಬಂತು. ಡಬ್ಬಿ ಊಟದ ಲೈಸೆನ್ಸೂ ಅವರ ಹೆಸರಿಗೇ ಆಯಿತು. ಕಿರಣ್‌ಬೆನ್ ಜೊತೆಗೆ ಇನ್ನೂ ಒಬ್ಬರನ್ನು ಸೇರಿಸಿಕೊಂಡಿದ್ದಾರೆ. ಒಲೆ ಬಂದ ಮಾರನೆಯ ದಿನ ನಾನು ಇಲ್ಲಿಂದ ಆ ನಂಬರಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಇನ್ನೇನು ನಿಲ್ಲುತ್ತದೆ ಎನ್ನುವಾಗ ಯಾರೋ ಎತ್ತಿದರು. ಮಾತಿಲ್ಲ, ಉಸಿರು ಮಾತ್ರ.

“ಶಕುಂತಲಕ್ಕ ಇದ್ದಾರಾ?” ಎಂದೆ.

ಆ ಕಡೆ ಒಂದು ಪಾತ್ರೆ ಕೆಳಗಿಟ್ಟ ಸದ್ದಾಯಿತು.

“ಇದ್ದೇನೆ,” ಎಂದರು. “ನಾನೇ. ಮಾತಾಡಿ.”

ನಾವು ಹೆಚ್ಚೇನೂ ಮಾತಾಡಲಿಲ್ಲ. ಒಲೆಯ ಉರಿ ಜಾಸ್ತಿಯಾಯಿತು, ಸಾರು ತಳ ಹಿಡಿಯುತ್ತದೆ, ಇಷ್ಟೇ. ಆದರೆ ಫೋನಿಟ್ಟ ಮೇಲೆ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ, ರಾಜ. ಧನುಶ್ರೀ ಬಂದು ಏನಾಯಿತು ಎಂದಳು. ತಲೆನೋವು ಎಂದೆ.

ನಿನ್ನ ಕೆಲಸ ಹೋಗಿದ್ದ ಆ ವರ್ಷ ನೆನಪಾಗುತ್ತದೆ. ಕಂಪನಿ ನಿನ್ನನ್ನು ತೆಗೆದ ಮೇಲೆ ಎಂಟು ತಿಂಗಳು ನೀನು ಮನೆಯಲ್ಲಿದ್ದೆ. ಆಮೇಲೆ ಹೊಸ ಕೆಲಸದ ಆರ್ಡರ್ ಬಂತು. ನಿನ್ನ ಅಮ್ಮ ಮೈಸೂರಿನಿಂದ ಫೋನ್ ಮಾಡಿ, ಸದ್ಯ ಎಲ್ಲ ಸರಿಹೋಯಿತಲ್ಲ ಎಂದರು. ಎಲ್ಲರೂ ಹಾಗೇ ಅಂದರು, ನಾನೂ ಅಂದೆ. ಸಂಬಳ ಮತ್ತೆ ಬರತೊಡಗಿತು. ಆದರೆ ನೀನು ಊಟಕ್ಕೆ ಕೂತಾಗ ಟಿವಿಯ ದನಿ ಜೋರು ಮಾಡುವುದನ್ನು ಕಲಿತೆ. ಗೆಳೆಯರು ಕರೆದರೆ ಮೈ ಸರಿಯಿಲ್ಲ ಎನ್ನುತ್ತಿದ್ದೆ. ನಾನು ಅಹಮದಾಬಾದಿಗೆ ಹೋಗಲೇ ಎಂದು ಕೇಳಿದಾಗ ತಟ್ಟೆಯಿಂದ ತಲೆಯೆತ್ತದೆ ಹೋಗು ಎಂದೆ. ನಾವು ಜಗಳವಾಡಿ ದೂರವಾದವರಲ್ಲ. ವಾರಕ್ಕೊಮ್ಮೆ ಸೇರುತ್ತಿದ್ದವರು ತಿಂಗಳಿಗೊಮ್ಮೆ ಸೇರಿದೆವು, ಆಮೇಲೆ ಹಬ್ಬಕ್ಕೆ, ಆಮೇಲೆ ಹಬ್ಬಕ್ಕೂ ಇಲ್ಲ. ಯಾರಾದರೂ ಕೇಳಿದರೆ ಇಬ್ಬರೂ ಕೆಲಸದಲ್ಲಿ ಚೆನ್ನಾಗಿದ್ದೇವೆ ಎನ್ನುತ್ತಿದ್ದೆ. ಅದು ನಿಜವೂ ಹೌದು. ಆ ಎಂಟು ತಿಂಗಳಲ್ಲಿ ನಿನಗೆ ಏನಾಯಿತು ಎಂದು ನಿನ್ನನ್ನು ಯಾರೂ ಕೇಳಲಿಲ್ಲ ಅನ್ನಿಸುತ್ತದೆ. ಈಗ ನಾನು ಕೇಳುತ್ತಿದ್ದೇನೆ. ಹೇಳಲೇಬೇಕೆಂದಿಲ್ಲ.

ಸೂರತ್‌ನಲ್ಲಿ ಮಹಿಮಾ ಒಂದು ಕೋಣೆ ನೋಡಿಟ್ಟಿದ್ದಾಳೆ, ಉಧನಾ ಸ್ಟೇಷನ್ನಿನಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಎರಡು ಕಿಟಕಿಗಳಿವೆಯಂತೆ. ಬಂದರೆ ಬಾ. ಬರದಿದ್ದರೂ, ಈ ಕಾಗದಕ್ಕೆ ಉತ್ತರ ಬರೆಯದಿದ್ದರೂ, ನೀನು ಬಿಟ್ಟುಹೋದೆ ಎಂದು ನಾನು ಬರೆದುಕೊಳ್ಳುವುದಿಲ್ಲ. ಅಷ್ಟನ್ನು ಮಾತ್ರ ಈ ವರ್ಷ ಕಲಿತಿದ್ದೇನೆ.

ಬೆಳಕು ಇಳಿಯುತ್ತಿದೆ. ಎದುರಿನ ಕಟ್ಟಡದಲ್ಲಿ ಒಂದು ಮನೆಯಲ್ಲಿ ಮಾತ್ರ ದೀಪ ಹಾಕಿದ್ದಾರೆ. ಅವರೂ ಊರಿಗೆ ಹೋಗದವರು ಇರಬೇಕು.

ಸರಿಯಾಗಿ ಊಟ ಮಾಡು.

ನಿನ್ನ
ತುಂಗಾ

ತಾ.ಕ.: ಲಕೋಟೆಯ ಮೇಲಿನ ವಿಳಾಸ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ಕಳೆದ ತಿಂಗಳು ಹೊಸ ಪಟ್ಟಿ ಮಾಡಿಕೊಂಡು ಸೂರತ್‌ನಿಂದ ಬರುವಾಗ ನಾನು ವಡೋದರಾದಲ್ಲಿ ಇಳಿದಿದ್ದೆ. ಸುಭಾನ್‌ಪುರಾದ ನಮ್ಮ ಮನೆಯ ಬಾಗಿಲಿಗೆ ಬೇರೆ ಯಾರದೋ ಹೆಸರಿನ ಫಲಕವಿತ್ತು, ಒಳಗೆ ಮಗು ಅಳುತ್ತಿತ್ತು. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ವಯಸ್ಸಾದ ಹೆಂಗಸೊಬ್ಬರು ಹೊರಗೆ ಬಂದು, ಕೃಷ್ಣರಾಜಭಾಯಿ ಮಳೆಗಾಲದಲ್ಲೇ ಮನೆ ಬದಲಿಸಿದರಲ್ಲ ಎಂದರು. ಪಾಪ, ಒಬ್ಬರೇ ಇದ್ದರು, ಯಾರೂ ಬರುತ್ತಿರಲಿಲ್ಲ ಎಂದರು. ಪಾರ್ಸೆಲ್ ಬಂದರೆ ಕಳಿಸಲು ಹೊಸ ವಿಳಾಸ ಕೊಟ್ಟು ಹೋಗಿದ್ದಾರೆ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಹೆಂಡತಿ ಎಂದೆ. ಹೆಂಡತಿಗೆ ವಿಳಾಸ ಗೊತ್ತಿಲ್ಲವೇ ಎಂದು ಅವರು ಕೇಳಲಿಲ್ಲ. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಗುಜರಾತಿಯಲ್ಲಿ ಬರೆದುಕೊಟ್ಟರು. ಅವರ ಕೈ ನಡುಗುತ್ತದೆ. ಮನೆ ನಂಬರಿನ ಕೊನೆಯ ಅಂಕಿ ನಾಲ್ಕೋ ಐದೋ ನನಗೆ ಇವತ್ತಿಗೂ ತಿಳಿದಿಲ್ಲ. ಹಾಗಾಗಿ ಈ ಕಾಗದವನ್ನು ಎರಡು ಸಲ ಬರೆದು ಎರಡೂ ಮನೆಗೆ ಹಾಕುತ್ತಿದ್ದೇನೆ. ಆ ಇನ್ನೊಂದು ಮನೆಯವರಿಗೆ ಕನ್ನಡ ಬಾರದಿರಲಿ.